ಹಾಸಿಗೆ ಪೈಲ್ವಾನ ಮತ್ತು ಇತರರು

ಗಂಟೆಯಣ್ಣನ ಕಸುಬೇ ಗಂಟೆ ಹೊಡೆಯುವುದು. ಶಾಲೆಯಲ್ಲಿ ಜವಾನನಾಗಿ ಸೇರಿದ ದಿನ ಹೆಡ್‌ಮಾಸ್ತರರು ಅವನ ಕೈಗೆ ಮರದ ಸುತ್ತಿಗೆಯೊಂದನ್ನು ಕೊಟ್ಟು, "ನೋಡಪ್ಪ, ಪಾಠ ಮಾಡೋರು ನಾವು, ಶಾಲೆ ನಡೆಸೋನು ನೀನು" ಎಂದಿದ್ದರು. ಅವರು ತಮಾಷೆಗೆ ಆಡಿದ ಮಾತನ್ನು ಈ ಪುಣ್ಯಾತ್ಮ ಗಂಟು ಕಟ್ಟಿಕೊಂಡುಬಿಟ್ಟ. ವರಾಂಡದ ತೊಲೆಗೆ ನೇತುಹಾಕಿದ್ದ ಕಂಚಿನ ತಟ್ಟೆಯ ಮುಂದೆ ನಿಂತನೆಂದರೆ ಅವನು ಯಾರ ಮಾತೂ ಕೇಳುವವನಲ್ಲ. ಮಕ್ಕಳು ಕಿಟಕಿಯಿಂದ ಕೈಮುಗಿದು ಬೇಡಿಕೊಳ್ಳುತ್ತಿದ್ದರು. ಲೆಕ್ಕದ ಮೇಷ್ಟ್ರೇ ಬಂದು, "ಇವತ್ತೊಂದಿನ ಬೇಗ ಹೊಡಿ ಮಾರಾಯ, ಮನೆಗೆ ನೆಂಟರು ಬಂದಿದಾರೆ" ಎಂದು ಗೋಗರೆದದ್ದೂ ಉಂಟು. ಗಡಿಯಾರದ ಮುಳ್ಳು ಗೆರೆ ಮುಟ್ಟದೆ ಅವನ ಕೈ ಮೇಲೇಳುತ್ತಿರಲಿಲ್ಲ.

ಆಮೇಲೆ ಶಾಲೆಗೆ ಕರೆಂಟಿನ ಗಂಟೆ ಬಂತು. ಗುಂಡಿ ಒತ್ತಿದರೆ ಕಿರ್ರೆಂದು ಕಿರುಚುವ ಆ ಪೆಟ್ಟಿಗೆಯನ್ನು ಅವನು ಕೊನೆಯವರೆಗೂ ಗಂಟೆ ಎಂದು ಒಪ್ಪಲಿಲ್ಲ. ನಿವೃತ್ತಿಯ ದಿನ, ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಕಂಚಿನ ತಟ್ಟೆಯನ್ನು ಕೊಡುತ್ತೀರಾ ಎಂದು ಕೇಳಿದ. ಹೊತ್ತುಹಾಕುವ ಕೆಲಸ ತಪ್ಪಿತೆಂದು ಶಾಲೆಯವರು ಸಂತೋಷದಿಂದ ಕೊಟ್ಟರು. ಹೆಂಡತಿ ಬಾಗಿಲಲ್ಲೇ ತಡೆದು, "ರಿಟೈರ್ ಆದೋರೆಲ್ಲ ಕೈಗಡಿಯಾರ ತಗೊಂಡು ಬರ್ತಾರೆ. ನೀವು ಗುಜರಿ ತಗೊಂಡು ಬಂದ್ರಿ" ಎಂದಳು. ತಟ್ಟೆ ಮಂಚದ ಕೆಳಗೆ ಹೋಯಿತು. ಅವಳು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ದಿನವೂ ಹೊಸ ಜೀವ ಎತ್ತಿಕೊಂಡು ಬರುವವಳಿಗೆ ಹಳೇ ಸಾಮಾನಿನ ಮೇಲೆ ಕನಿಕರ ಕಡಿಮೆ.

ಆ ತಟ್ಟೆಯನ್ನು ಮಂಚದ ಕೆಳಗಿನಿಂದ ಎಬ್ಬಿಸಿದವನು ಮೈಕ್‌ಸೆಟ್ ಸಾಹುಕಾರ. ಮೈಕು, ದೀಪ, ಕುರ್ಚಿ ಬಾಡಿಗೆಗೆ ಕೊಡುವುದು ಅವನ ಅಂಗಡಿಯ ವ್ಯಾಪಾರ. ತಿಂಗಳಿಗೊಂದು ಭಾನುವಾರ ಸಂಜೆ ಬಾಡಿಗೆ ಹಾಲ್‌ನಲ್ಲಿ ಕುಸ್ತಿ ಪ್ರದರ್ಶನ ಇಡುವುದು ಅವನ ಹುಚ್ಚು. ಮಣ್ಣಿನ ಕುಸ್ತಿಯಲ್ಲ. ಕಬ್ಬಿಣದ ಕಂಬ ನಾಲ್ಕು, ಸುತ್ತ ಮೂರು ಸಾಲು ಹಗ್ಗ, ಮಧ್ಯೆ ಪ್ಲೈವುಡ್ ಹಲಗೆ, ಅದರ ಮೇಲೆ ಬಡವರ ಮನೆಯ ಚಾದರದಷ್ಟು ತೆಳ್ಳಗಿನ ಫೋಮು, ಮೇಲೊಂದು ಕ್ಯಾನ್ವಾಸು. ಇದು ರಿಂಗ್ ಕುಸ್ತಿ. ಅದಕ್ಕೊಂದು ಗಂಟೆ ಬೇಕಿತ್ತು, ಹೊಡೆಯಲು ಒಬ್ಬ ಶಿಸ್ತಿನ ಮನುಷ್ಯ ಬೇಕಿತ್ತು. ಸಾಹುಕಾರನೂ ಅದೇ ಶಾಲೆಯಲ್ಲಿ ಓದಿದವನು. ಕಿಟಕಿಯಿಂದ ಕೈಮುಗಿದವರಲ್ಲಿ ಅವನೂ ಒಬ್ಬ.

ಈ ಕುಸ್ತಿಯ ಗುಟ್ಟು ಎಲ್ಲರಿಗೂ ಗೊತ್ತಿರುವ ಗುಟ್ಟು. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ಮಧ್ಯಾಹ್ನವೇ ಒಳಕೋಣೆಯಲ್ಲಿ ತೀರ್ಮಾನವಾಗಿರುತ್ತದೆ. ಹಾಗಂತ ಅದನ್ನು ಸುಳ್ಳು ಎಂದು ಮೂಗು ಮುರಿಯುವವರು ಆ ಹಲಗೆಯ ಮೇಲೆ ಒಮ್ಮೆ ಬೆನ್ನು ಕೊಟ್ಟು ಬಿದ್ದು ನೋಡಲಿ. ಗೆಲುವು ನಾಟಕ ಇರಬಹುದು, ಪೆಟ್ಟು ನಾಟಕವಲ್ಲ.

ಗಂಟೆಯಣ್ಣನ ಮೇಜು ರಿಂಗಿನ ಮಗ್ಗುಲಲ್ಲೇ, ಕೈ ಚಾಚಿದರೆ ಹಗ್ಗ ಸಿಗುವಷ್ಟು ಹತ್ತಿರ. ಮೊದಮೊದಲು ಅವನೂ ಎಲ್ಲರ ಹಾಗೆ ಗೆಲ್ಲುವವರನ್ನೇ ನೋಡಿದ. ಜನಕ್ಕೆ ಇನ್ನೇನು ಗೊತ್ತು, ಗೆದ್ದೆತ್ತಿನ ಬಾಲ ಹಿಡಿಯುವುದು ಗೊತ್ತು. ಸೋಲುವ ಸಾಲಿನಲ್ಲಿ ಯಾರೋ ಒಬ್ಬ ಅಗಲ ಬೆನ್ನಿನ, ಅರ್ಧ ನೆರೆತ ಆಸಾಮಿ ಇದ್ದಾನೆ ಎಂಬುದಷ್ಟೇ ಅವನ ಗಮನಕ್ಕೆ ಬಂದದ್ದು. ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ದಪ್ಪ ಅಕ್ಷರದ ಬಿರುದುಗಳೆಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ "ಮತ್ತು ಇತರರು" ಎಂದು ಇರುತ್ತಿತ್ತಲ್ಲ, ಆ ಇತರರು ಎಂದರೆ ಅವನು. ಬಹುವಚನ ಬರೀ ಮರ್ಯಾದೆಗೆ.

ಒಂದು ಸಂಜೆ ಹೊಸಬನೊಬ್ಬ ಹಗ್ಗದ ಮೇಲಿನಿಂದ ಹಾರುವಾಗ ಅವನ ಕಾಲು ಜಾರಿತು. ತಲೆ ಕೆಳಗಾಗಿ ಬರುತ್ತಿದ್ದ. ಹಾಲ್‌ನಲ್ಲಿದ್ದವರಿಗೆ ಕಂಡದ್ದು ಒಂದೇ: ಆ ನೆರೆತ ಆಸಾಮಿ ಹೊಡೆತ ತಿಂದು ಮಾಮೂಲಿನಂತೆ ಮಕಾಡೆ ಮಲಗಿದ. ಗಂಟೆಯಣ್ಣನಿಗೆ ಕಂಡದ್ದು ಬೇರೆ. ಬೀಳುವ ಮೊದಲು ಆ ಮನುಷ್ಯ ಒಂದು ಹೆಜ್ಜೆ ಮುಂದೆ ಬಂದು, ತನ್ನ ಭುಜವನ್ನು ಹುಡುಗನ ಎದೆಯ ಕೆಳಗೆ ಕೊಟ್ಟು, ಎಡ ಅಂಗೈಯನ್ನು ಅವನ ತಲೆ ಮತ್ತು ಹಲಗೆಯ ನಡುವೆ ತೂರಿಸಿದ್ದ. ಹಲಗೆಗೆ ಬಡಿದದ್ದು ಆ ಕೈಯ ಗೆಣ್ಣು. ಹುಡುಗ ಎದ್ದು ಗೆದ್ದು ಎರಡೂ ಕೈ ಎತ್ತಿ ಜನರಿಂದ ಸಿಳ್ಳೆ ಹೊಡೆಸಿಕೊಂಡ. ಕೆಳಗೆ ಬಿದ್ದವನು ತನ್ನ ಎಡಗೈಯನ್ನು ಹೊಟ್ಟೆಯ ಅಡಿಯಲ್ಲಿ ಬಚ್ಚಿಟ್ಟುಕೊಂಡು ಮಲಗೇ ಇದ್ದ. ಗೆದ್ದವನು ಬಾಗಿಲು ದಾಟುವವರೆಗೆ ಸೋತವನು ಏಳಬಾರದು, ಅದು ಅವರ ಕಟ್ಟಳೆ.

ಅಂದಿನಿಂದ ಗಂಟೆಯಣ್ಣನ ಕಣ್ಣು ಬೇರೆ ಯಾರ ಮೇಲೂ ನಿಲ್ಲಲಿಲ್ಲ.

ಒಳಗಿನವರು ಆ ಮನುಷ್ಯನನ್ನು 'ಹಾಸಿಗೆ' ಎಂದು ಕರೆಯುತ್ತಿದ್ದರು. ಯಾವಾಗಲೂ ಹಾಸಿದ ಹಾಗೆ ಬಿದ್ದಿರುತ್ತಾನೆ ಎಂದು ಹಂಗಿಸಲು ಯಾರೋ ಇಟ್ಟ ಹೆಸರು. ಆದರೆ ಅವನ ಮೇಲೆ ಬಿದ್ದ ಒಬ್ಬನಿಗೂ ಮೂಳೆ ಮುರಿದದ್ದಿಲ್ಲ ಎಂಬುದು ನಿಧಾನಕ್ಕೆ ಎಲ್ಲರಿಗೂ ತಿಳಿಯಿತು, ಹೆಸರು ಉಳಿಯಿತು, ಗೇಲಿ ಹೋಯಿತು. ಹೊಸಬರೆಲ್ಲ ತಮ್ಮ ಮೊದಲ ಕುಸ್ತಿಗೆ, "ನಂಗೆ ಹಾಸಿಗೆ ಪೈಲ್ವಾನರೇ ಇರ್ಲಿ" ಎಂದು ಸಾಹುಕಾರನ ಕಿವಿ ಕಚ್ಚುತ್ತಿದ್ದರು.

ವಾರದ ದಿನಗಳಲ್ಲಿ ಅವನು ಮನೆ ಸಾಮಾನು ಸಾಗಿಸುವ ಕೆಲಸದವನು. ಬೀರು, ಮಂಚ, ಗಾಜಿನ ಕಪಾಟುಗಳನ್ನು ಇಕ್ಕಟ್ಟಿನ ಮೆಟ್ಟಿಲಿನಲ್ಲಿ ಬೆನ್ನ ಮೇಲೆ ಇಳಿಸುತ್ತಿದ್ದ. ಭಾರವನ್ನು ಸದ್ದಿಲ್ಲದೆ ನೆಲ ಮುಟ್ಟಿಸುವುದು ಅವನ ಬೆನ್ನಿಗೆ ಅಲ್ಲೇ ಬಂದ ವಿದ್ಯೆ. ರಿಂಗಿನಲ್ಲಿ ಮಾತ್ರ ಸದ್ದು ಬೇಕು, ನೋವು ಬೇಡ. ಅದಕ್ಕೆ ಅವನು ಬೀಳುವಾಗ ಬಲ ಅಂಗೈಯಿಂದ ಹಲಗೆಗೆ ಛಟೀರೆಂದು ಬಾರಿಸುತ್ತಿದ್ದ. ಜನ 'ಅಯ್ಯೋ' ಎಂದು ಕುರ್ಚಿಯ ತುದಿಗೆ ಬರುತ್ತಿದ್ದರು.

ಗಂಟೆಯಣ್ಣ ತಿಂಗಳು ತಿಂಗಳು ನೋಡುತ್ತ ಹೋದ, ಪ್ರತಿ ಸಲವೂ ಹೊಸತೊಂದು ಕಂಡಿತು. ರಿಂಗಿನ ಮೂಡಣ ಮೂಲೆಯಲ್ಲಿ ಹಲಗೆಯ ಅಡಿಗೆ ಕಬ್ಬಿಣದ ಅಡ್ಡಪಟ್ಟಿ ಇತ್ತು, ಅಲ್ಲಿ ಬಿದ್ದರೆ ಬೆನ್ನು ನುಗ್ಗಾಗುತ್ತದೆ. ಎದುರಾಳಿ ಆ ಕಡೆ ಹೊರಟರೆ ಹಾಸಿಗೆ ಪೈಲ್ವಾನ ಏಟು ತಪ್ಪಿಸಿಕೊಳ್ಳುವ ನೆಪದಲ್ಲಿ ತಾನು ಅಲ್ಲಿಗೆ ಸರಿದು, ಅವನನ್ನು ಮಧ್ಯಕ್ಕೆ ತಿರುಗಿಸುತ್ತಿದ್ದ. ಎದುರಾಳಿಗೆ ಮುಂದಿನ ಪಟ್ಟು ಮರೆತುಹೋದರೆ ಕುತ್ತಿಗೆ ಹಿಡಿದು ಒದ್ದಾಡುವ ಹಾಗೆ ಮಾಡಿ ಕಿವಿಯಲ್ಲಿ ಹೇಳಿಕೊಡುತ್ತಿದ್ದ. ಇನ್ನು ಏಟು ತಿಂದ ಮೇಲೆ ಒಂದು ಕ್ಷಣ ನಿಂತಲ್ಲೇ ನಿಂತು, ಏಟು ಎಲ್ಲಿಂದ ಬಂತೆಂದು ಯೋಚಿಸುವವನ ಹಾಗೆ ಮುಖ ಮಾಡಿ, ಆಮೇಲೆ ಮೊಳಕಾಲು ಮಡಿಸಿ ಕುಸಿಯುತ್ತಿದ್ದನಲ್ಲ, ಅದನ್ನು ನೋಡಲು ಗಂಟೆಯಣ್ಣ ಮೇಜಿನ ಮೇಲೆ ಮುಂದಕ್ಕೆ ಬಾಗುತ್ತಿದ್ದ. ಎಷ್ಟು ಚೆಂದವಾಗಿ ಸೋಲುತ್ತಾನಪ್ಪ ಈ ಮನುಷ್ಯ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ.

ಮನಸ್ಸಿನಲ್ಲೇ ಅನ್ನಬೇಕು, ಬಾಯಿ ಬಿಟ್ಟು ಅನ್ನುವ ಹಾಗಿಲ್ಲ. ಒಳಗಿನವರ ಇನ್ನೊಂದು ಕಟ್ಟಳೆ ಅದು. ಯಾರೂ ಯಾರಿಗೂ 'ಚೆನ್ನಾಗಿ ಬಿದ್ದೆ' ಎನ್ನಬಾರದು. ಎಂದರೆ ಬೇಕೆಂದೇ ಬಿದ್ದದ್ದು ಎಂದು ಒಪ್ಪಿದ ಹಾಗಾಯಿತು. ಸೋತು ಬಂದವನನ್ನು ಸೋತವನೆಂದೇ ತಿಳಿದು ತಲೆ ತಗ್ಗಿಸಿ ದಾರಿ ಬಿಡಬೇಕು. ಪ್ರದರ್ಶನ ಮುಗಿದ ಮೇಲೆ ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. "ಇವತ್ತು ಸೆಕೆ ಜಾಸ್ತಿ" ಎನ್ನುತ್ತಿದ್ದ ಗಂಟೆಯಣ್ಣ. "ಹೂಂ, ಜನ ಕೂಡ ಪರವಾಗಿಲ್ಲ" ಎನ್ನುತ್ತಿದ್ದ ಪೈಲ್ವಾನ. ಇಷ್ಟು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮಾತುಕತೆ ಎಂದರೆ ಸೆಕೆ ಮತ್ತು ಜನ.

ಹೊರಗೆ ಹಾಕಲಾರದ್ದನ್ನೆಲ್ಲ ಗಂಟೆಯಣ್ಣ ಹೆಂಡತಿಯ ತಲೆಗೆ ಕಟ್ಟುತ್ತಿದ್ದ. ಅವಳು ಸಮವಸ್ತ್ರದ ಸೀರೆ ಒಗೆದು ಹಿಂಡುತ್ತ, "ಬೀಳೋನನ್ನ ನೋಡಕ್ಕೆ ಇಷ್ಟು ದೂರ ಹೋಗ್ಬೇಕಾ? ನಮ್ಮ ಬಚ್ಚಲಲ್ಲಿ ಪಾಚಿ ಕಟ್ಟಿದೆ, ನಾನೇ ಬೀಳ್ತೀನಿ, ಕೂತ್ಕೊಂಡು ನೋಡಿ" ಎನ್ನುತ್ತಿದ್ದಳು.

"ಒಂದ್ಸಲ ಬಾರೇ. ಒಂದೇ ಸಲ. ನೋಡಿದ್ರೆ ಗೊತ್ತಾಗುತ್ತೆ."

"ಭಾನುವಾರ ಒಂದು ದಿನ ಕಾಲು ಚಾಚ್ತೀನಿ, ಅದಕ್ಕೂ ಕಲ್ಲು ಹಾಕ್ಬೇಡಿ."

ಅವನಿಗೆ ಇದ್ದ ಹಂಬಲ ಒಂದೇ. ತಾನು ಕಂಡದ್ದನ್ನು ಇನ್ನೊಬ್ಬರು ಕಾಣಬೇಕು. ಇಡೀ ಹಾಲ್ ಒಂದು ದಿನ, ಒಂದೇ ಒಂದು ದಿನ, ಆ ಮನುಷ್ಯನಿಗಾಗಿ ಎದ್ದು ನಿಲ್ಲಬೇಕು. ದೊಡ್ಡ ಆಸೆಯೇನಲ್ಲ, ಆದರೆ ಅದು ಅವನ ಎದೆಯೊಳಗೆ ಮಗ್ಗುಲ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಹೀಗಿರುವಾಗ ಪೈಲ್ವಾನನ ಮಂಡಿ ಕೈಕೊಟ್ಟಿತು. ಮೆಟ್ಟಿಲಿಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರುವುದನ್ನು ಗಂಟೆಯಣ್ಣ ಚಹಾದ ಲೋಟ ಹಿಡಿದುಕೊಂಡು ನೋಡಿದ. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಬೀರು ಹೊರುತ್ತೀಯಾ, ಕುಸ್ತಿ ಆಡುತ್ತೀಯಾ, ಒಂದನ್ನು ಬಿಡು. ಬೀರು ಅನ್ನ ಕೊಡುತ್ತದೆ, ಕುಸ್ತಿ ಪೆಟ್ಟು ಕೊಡುತ್ತದೆ. ಯಾವುದು ಬಿಡಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ.

ಮುಂದಿನ ತಿಂಗಳು ಕೊನೆಯ ಕುಸ್ತಿ ಎಂದಾಯಿತು. ಎದುರಾಳಿಯನ್ನು ಪೈಲ್ವಾನನೇ ಆರಿಸಿಕೊಂಡ. ಚಿಗರೆ ಎಂದು ಎಲ್ಲರೂ ಕರೆಯುವ ತರುಣ, ಹಗ್ಗದ ಮೇಲಿನಿಂದ ಹಾರಿದರೆ ಸೀಲಿಂಗ್ ಫ್ಯಾನಿಗೆ ತಾಗೀತೇನೋ ಎನ್ನಿಸುವಷ್ಟು ಎತ್ತರ ಹಾರುತ್ತಿದ್ದ. ಕಾಲು ಗಂಟೆಯ ಕುಸ್ತಿ. ಅಷ್ಟರೊಳಗೆ ಯಾರೂ ಯಾರನ್ನೂ ಮೂರು ಎಣಿಸುವಷ್ಟು ಹೊತ್ತು ನೆಲಕ್ಕೆ ಒತ್ತದಿದ್ದರೆ ಸಮಸಮ. ಕೊನೆಯ ನಿಮಿಷದಲ್ಲಿ, ಇನ್ನೇನು ಸಮಸಮ ಆಯಿತು ಎಂದು ಜನ ಉಸಿರು ಬಿಡುವಾಗ, ಚಿಗರೆ ಮೂಲೆಯ ಕಂಬ ಹತ್ತಿ, ಗಾಳಿಯಲ್ಲಿ ಒಂದು ಪೂರ್ತಿ ಪಲ್ಟಿ ಹೊಡೆದು ಪೈಲ್ವಾನನ ಎದೆಯ ಮೇಲೆ ಬೀಳಬೇಕು. ಅಲ್ಲಿಗೆ ಮುಗಿಯಿತು. ಆ ಪಲ್ಟಿಯನ್ನು ಅವನು ಜನರ ಮುಂದೆ ಎಂದೂ ಹೊಡೆದಿರಲಿಲ್ಲ. ವಾರಕ್ಕೆರಡು ಮಧ್ಯಾಹ್ನ ಸಾಹುಕಾರನ ಗೋದಾಮಿನಲ್ಲಿ ಪೈಲ್ವಾನ ಅಂಗಾತ ಮಲಗಿ ಎರಡೂ ಕೈ ಎತ್ತಿ ಹಿಡಿಯುವುದು, ಚಿಗರೆ ಹಾರುವುದು, ಹೀಗೆ ಸಾಧನೆ ನಡೆದಿತ್ತು.

ಇದನ್ನು ಕೇಳಿದ್ದೇ ಗಂಟೆಯಣ್ಣ ಚಪ್ಪಲಿ ಮೆಟ್ಟಿಕೊಂಡ. ಸೀದಾ ಅಂಗಡಿಗೆ ಹೋದ. ಸಾಹುಕಾರ ವೈರು ಸುತ್ತುತ್ತ ಕೂತಿದ್ದ.

"ಕೊನೇ ಸಲ ಆದ್ರೂ ಅವರು ಗೆಲ್ಲಬಾರ್ದಾ, ಸಾಹುಕಾರ್ರೇ?"

"ಹೋಗೋನು ಕೊಟ್ಟು ಹೋಗ್ಬೇಕು ಗಂಟೆಯಣ್ಣ. ಗೆದ್ದು ಮನೆಗೆ ಹೋಗಿಬಿಟ್ರೆ ಆ ಗೆಲುವು ಯಾರಿಗೆ ಉಪಯೋಗ? ಇರೋನ ಕೈಗೆ ಇಟ್ಟು ಹೋಗ್ಬೇಕು. ನಮ್ಮಲ್ಲಿ ಎಲ್ಲರೂ ಹಾಗೇ ಹೋಗಿದ್ದು."

"ಅವರ ಹತ್ರ ಯಾವ ಗೆಲುವಿತ್ತು ಕೊಡಕ್ಕೆ?"

ಸಾಹುಕಾರ ನಕ್ಕ. "ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು. ಅದು ನಾನು ಹೇಳಿದ್ದಲ್ಲ, ಗಾದೆ." ತನ್ನ ಹಾಸ್ಯಕ್ಕೆ ತಾನೇ ಮೆಚ್ಚಿ ಇನ್ನೊಮ್ಮೆ ನಕ್ಕ. ಗಂಟೆಯಣ್ಣನಿಗೆ ನಗು ಬರಲಿಲ್ಲ.

ಆ ಭಾನುವಾರ ಹಾಲ್ ತುಂಬಿತ್ತು. ಸಾಹುಕಾರ ಮೈಕಿನಲ್ಲಿ ಇದು ಹಾಸಿಗೆ ಪೈಲ್ವಾನರ ಕಡೇ ಕುಸ್ತಿ ಎಂದು ಸಾರಿದ್ದೇ ತಡ, ಜನಕ್ಕೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಇದೊಂದು ಲೋಕದ ಚಾಳಿ; ಇದ್ದಾಗ ಕಣ್ಣಿಗೆ ಬೀಳದವನು ಹೊರಟು ನಿಂತಾಗ ಬಂಧುವಾಗುತ್ತಾನೆ. ಹಿಂದಿನ ಸಾಲಿನಿಂದ ಯಾರೋ "ಹಾಸಿಗೆ, ಹಾಸಿಗೆ" ಎಂದು ಶುರುಮಾಡಿದರು, ಕುರ್ಚಿಗಳೆಲ್ಲ ಅದಕ್ಕೆ ತಾಳ ಹಾಕಿದವು. ಗಂಟೆಯಣ್ಣನ ಕಣ್ಣು ಮಂಜಾಯಿತು.

ಪೈಲ್ವಾನ ಅಂದು ಆಡಿದ ಕುಸ್ತಿಯನ್ನು ಹೇಗೆ ಹೇಳುವುದು. ಕುಂಟು ಮಂಡಿಯನ್ನು ಅವನು ಮುಚ್ಚಿಡಲಿಲ್ಲ, ಕಥೆಯೊಳಗೇ ಸೇರಿಸಿಕೊಂಡ. ಚಿಗರೆ ಆ ಮಂಡಿಗೆ ಏಟು ಹಾಕಲು ಕಾಲೆತ್ತಿ, ಹಿಂಜರಿದು ನಿಂತ. ಪೈಲ್ವಾನ ಅವನ ಕೆನ್ನೆಗೆ ಒಂದು ಬಾರಿಸಿ, 'ಹೊಡಿ, ಕರುಣೆ ತೋರಿಸಬೇಡ' ಎಂಬಂತೆ ಮಂಡಿ ಮುಂದೆ ಚಾಚಿದ. ಜನ ಹುಚ್ಚೆದ್ದರು. ಬಿದ್ದ, ಎದ್ದ, ಹಗ್ಗ ಹಿಡಿದು ಜೋತ, ಮತ್ತೆ ಎದ್ದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಗೇಲಿ ಮಾಡುತ್ತಾರಲ್ಲ, ಇಲ್ಲಿ ಗೇಲಿಗೆ ಜಾಗವೇ ಇರಲಿಲ್ಲ. ಸಾಹುಕಾರ ಮೈಕಿನಲ್ಲಿ ಕೊನೆಯ ನಿಮಿಷ ಎಂದು ಕೂಗಿದ. ಪೈಲ್ವಾನ ಮೂಲೆಯಲ್ಲಿ ಅಂಗಾತ ಬಿದ್ದ. ಚಿಗರೆ ಕಂಬ ಹತ್ತತೊಡಗಿದ.

ಜನ ಇನ್ನೂ ಕೂಗುತ್ತಿದ್ದರು, "ಏಳು ಹಾಸಿಗೆ, ಏಳು." ಗಂಟೆಯಣ್ಣ ಗಡಿಯಾರ ನೋಡಿದ. ಸೆಕೆಂಡಿನ ಮುಳ್ಳಿಗೆ ಇನ್ನೂ ಅರ್ಧ ಸುತ್ತು ಬಾಕಿ ಇತ್ತು. ಈಗ ಹೊಡೆದರೆ ಸಮಸಮ. ಈಗ ಹೊಡೆದರೆ ಈ ಮನುಷ್ಯ ಒಂದು ಸಲವಾದರೂ ಸೋಲದೆ ಮನೆಗೆ ಹೋಗುತ್ತಾನೆ. ಇಷ್ಟೇ ಅವನ ತಲೆಯಲ್ಲಿ ಬಂದದ್ದು. ಜೀವಮಾನವೆಲ್ಲ ಗೆರೆ ದಾಟದ ಆ ಕೈ ತಾನಾಗಿ ಮೇಲೆದ್ದು ಕಂಚಿನ ತಟ್ಟೆಗೆ ಬಡಿಯಿತು.

ಕಂಬದ ತುದಿಯಲ್ಲಿ ಚಿಗರೆ ನಿಂತುಬಿಟ್ಟ. ಸಾಹುಕಾರ ಏನು ಮಾಡಿಯಾನು, ಗಂಟೆ ಆದ ಮೇಲೆ ಆಯಿತು. "ಸಮಸಮ" ಎಂದು ಮೈಕಿನಲ್ಲಿ ಸಾರಿದ. ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗಂಟೆಯಣ್ಣ ಇಷ್ಟು ವರ್ಷ ಹಂಬಲಿಸಿದ ಚಪ್ಪಾಳೆ ಅದು. ಅವನು ಹಿಗ್ಗಿನಿಂದ ರಿಂಗಿನತ್ತ ತಿರುಗಿದ.

ಪೈಲ್ವಾನ ಅಂಗಾತ ಮಲಗೇ ಇದ್ದ. ಎರಡೂ ಕೈ ಮೇಲಕ್ಕೆತ್ತಿ, ಬೀಳುವವನನ್ನು ಹಿಡಿಯಲು ಬೆರಳು ಅಗಲಿಸಿ ಹಿಡಿದಿದ್ದ. ಆ ಕೈಗಳು ಕೆಳಗಿಳಿಯಲೇ ಇಲ್ಲ. ಯಾರೋ ಬರುತ್ತಾರೆಂದು ಬಾಗಿಲು ತೆಗೆದು ನಿಂತವನ ಹಾಗೆ ಇದ್ದ. ಗಂಟೆಯಣ್ಣ ಸುತ್ತಿಗೆಯನ್ನು ಮೇಜಿನ ಮೇಲಿಟ್ಟ.

ಒಳಕೋಣೆ ಎಂದರೆ ಬ್ಯಾಡ್ಮಿಂಟನ್ ನೆಟ್ಟು, ಮುರಿದ ಕುರ್ಚಿ ತುಂಬಿಡುವ ಕೋಣೆ. ಚಿಗರೆ ಗೋಡೆಗೆ ಮುಖ ಮಾಡಿ ಕೂತಿದ್ದ. ಪೈಲ್ವಾನ ಬೂಟಿನ ದಾರ ಬಿಚ್ಚುತ್ತಿದ್ದವನು ತಲೆಯೆತ್ತಲಿಲ್ಲ.

"ಗಂಟೆ ಮುಂಚೆ ಆಯ್ತಲ್ವಾ, ಗಂಟೆಯಣ್ಣ?"

"ಆಯ್ತು."

"ಗಡಿಯಾರ ಕೆಟ್ಟಿದ್ಯಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿ ಅಭ್ಯಾಸವಿರದ ಬಾಯಿ. "ಇಲ್ಲ. ನೀವು ಸೋಲೋದನ್ನ ಇನ್ನೊಂದ್ಸಲ ನೋಡಕ್ಕೆ ಆಗ್ಲಿಲ್ಲ."

ಪೈಲ್ವಾನ ದಾರ ಬಿಟ್ಟು ಅವನ ಮುಖ ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಾಗಿತ್ತು.

"ಅದಕ್ಕೆ ಸೋಲು ಅಂತೀರಾ ನೀವೂ? ಹೊರಗಿನೋರು ಅಂದ್ರೆ ಬೇಜಾರಿಲ್ಲ. ಜನ ನೋಡದಿದ್ರೆ ಏನಾಯ್ತು, ಗಂಟೆಯಣ್ಣ ನೋಡ್ತಾರೆ ಅಂದ್ಕೊಂಡೇ ಇಷ್ಟು ವರ್ಷ ಬಿದ್ದೆ ನಾನು." ಮತ್ತೆ ಬೂಟಿಗೆ ಬಾಗಿದ. "ಈ ಹುಡುಗನ್ನ ಹಿಡ್ಕೊಂಡು ಕೆಳಗಿಳಿಸೋದು ಒಂದು ಬಾಕಿ ಇತ್ತು. ಅದೊಂದನ್ನ ಮಾಡಿ ಮುಗಿಸ್ಬೇಕಂತಿದ್ದೆ."

ಗಂಟೆಯಣ್ಣ ತಟ್ಟೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಹೆಂಡತಿ ಊಟ ಬಡಿಸಿದರೆ ಕೈ ಹಾಕಲಿಲ್ಲ. ಏನಾಯಿತೆಂದು ಅವಳು ಗದರಿಸಿ ಕೇಳಿದ ಮೇಲೆ ಎಲ್ಲ ಹೇಳಿದ. ಒಳ್ಳೆಯದು ಮಾಡಲು ಹೋಗಿ ಹೀಗಾಯಿತಲ್ಲ ಎಂದು ಅವಳು ಸಮಾಧಾನ ಮಾಡಿಯಾಳೆಂಬ ಸಣ್ಣ ಆಸೆ ಅವನಿಗಿತ್ತು. ಅವಳು ಮಾಡಲಿಲ್ಲ.

"ಕೂಸು ಹೊರಗೆ ಬರೋ ಹೊತ್ತಿಗೆ ಕೆಳಗೆ ನನ್ನ ಕೈ ಇರುತ್ತೆ ರೀ" ಎಂದಳು, ತನ್ನ ಒರಟು ಅಂಗೈಗಳನ್ನು ನೋಡಿಕೊಳ್ಳುತ್ತ. "ಡಾಕ್ಟರಮ್ಮ ಇರ್ತಾರೆ, ನರ್ಸ್ ಇರ್ತಾರೆ, ಹೆಸರು ಅವರದೇ. ಆದ್ರೆ ಕೆಳಗೆ ನನ್ನ ಕೈನೂ ಇರುತ್ತೆ. ಆ ಹೊತ್ತಲ್ಲಿ ಯಾರಾದ್ರೂ ಬಂದು, ಪಾಪ ನಿನಗೆ ದಣಿವಾಗಿದೆ ಅಂತ ನನ್ನ ಪಕ್ಕಕ್ಕೆ ಎಳೆದ್ರೆ ನಾನು ಅವರ ಮುಖ ನೋಡ್ತಿದ್ನಾ?"

ಇಷ್ಟು ವರ್ಷ ಇವಳಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡಿದ್ದೆನಲ್ಲ ಎಂದು ಗಂಟೆಯಣ್ಣನಿಗೆ ಅದಕ್ಕೂ ನಾಚಿಕೆಯಾಯಿತು.

ಆಮೇಲಿನ ದಿನಗಳಲ್ಲಿ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಣ್ಣು ಮುಚ್ಚಿದರೆ ಆ ಎತ್ತಿದ ಕೈಗಳು. ಆ ಅರ್ಧ ನಿಮಿಷವನ್ನು ಮನಸ್ಸಿನಲ್ಲಿ ಎಷ್ಟು ಸಲ ನಡೆಸಿದನೋ. ಚಿಗರೆ ಹಾರುತ್ತಾನೆ, ಕೈಗಳು ಅವನನ್ನು ತೆಗೆದುಕೊಳ್ಳುತ್ತವೆ, ಅಂಗೈ ತಲೆಯ ಅಡಿಗೆ ಹೋಗುತ್ತದೆ. ಆದರೆ ಮನಸ್ಸಿನಲ್ಲಿ ನೋಡಿದ್ದು ನೋಡಿದ್ದಲ್ಲ. ಜೀವನದಲ್ಲಿ ಅತಿ ಹೆಚ್ಚು ಬಯಸಿದ ಆಟದ ಕೊನೆಯನ್ನು ತನ್ನ ಕೈಯಾರೆ ಕಳೆದುಕೊಂಡಿದ್ದ. ಮಾಡಿದ್ದುಣ್ಣೋ ಮಾರಾಯ ಎಂದು ತನಗೆ ತಾನೇ ಹೇಳಿಕೊಂಡ.

ಕೊನೆಗೆ ತಡೆಯಲಾರದೆ ಪೈಲ್ವಾನ ಕೆಲಸ ಮಾಡುವ ಜಾಗ ಹುಡುಕಿಕೊಂಡು ಹೋದ. ಹಳೆಯ ಕಟ್ಟಡವೊಂದರ ಮೆಟ್ಟಿಲಿನಲ್ಲಿ ಕನ್ನಡಿ ಬಾಗಿಲಿನ ಬೀರು ಇಳಿಯುತ್ತಿತ್ತು. ಅಡಿಯಲ್ಲಿ ಪೈಲ್ವಾನ, ಭಾರ ಹೊರುವ ಪಟ್ಟಿಯನ್ನು ಹಣೆಗೆ ಕೊಟ್ಟು. ಬೀರು ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಅವನು ಬೆವರು ಒರೆಸಿಕೊಂಡ ಮೇಲೆ ಗಂಟೆಯಣ್ಣ ಹತ್ತಿರ ಹೋದ.

"ಇನ್ನೊಂದ್ಸಲ ಆಗಲ್ವಾ? ಜನ ಬೇಡ, ಮೈಕು ಬೇಡ. ಎಲ್ಲಿ ನಿಂತಿತ್ತೋ ಅಲ್ಲಿಂದ."

"ಮುಗೀತಲ್ಲ ಅದು" ಎಂದ ಪೈಲ್ವಾನ. ಒರಟಾಗಿಯೇನೂ ಅನ್ನಲಿಲ್ಲ. ಹಗ್ಗ ಸುತ್ತಿಕೊಂಡು ಲಾರಿಯ ಕಡೆ ಹೋದ, ಒಂದೊಂದು ಹೆಜ್ಜೆಗೂ ಕುಂಟುತ್ತ.

ಆಯಿತು, ಇಲ್ಲಿಗೆ ಋಣ ತೀರಿತು ಎಂದುಕೊಂಡು ಗಂಟೆಯಣ್ಣ ತಟ್ಟೆಯನ್ನು ಮತ್ತೆ ಮಂಚದ ಕೆಳಗೆ ತಳ್ಳಿದ. ಮುಂದಿನ ಪ್ರದರ್ಶನಕ್ಕೆ ಬರುವುದಿಲ್ಲವೆಂದು ಸಾಹುಕಾರನಿಗೆ ಹೇಳಿಯೂ ಆಗಿತ್ತು. ಆ ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ್ದು ಚಿಗರೆ. ಒಳಗೂ ಬರಲಿಲ್ಲ.

"ರಿಂಗ್ ಕಟ್ಟಿ ಆಗಿದೆ. ಜನ ಬರೋಕೆ ಇನ್ನೂ ಹೊತ್ತಿದೆ. ಪೈಲ್ವಾನರು ಬಂದು ಕೂತಿದಾರೆ" ಎಂದ. ಆಮೇಲೆ ನೆಲ ನೋಡುತ್ತ, "ದಿನಾ ಹೋಗಿ ಕಾಡಿದೆ ಅವರನ್ನ. ನಂಗೂ ಅವರ ಮೇಲೆ ಬೀಳ್ಬೇಕಿತ್ತು" ಎಂದ.

ಗಂಟೆಯಣ್ಣ ಚಪ್ಪಲಿ ಹುಡುಕುವಷ್ಟರಲ್ಲಿ ಹೆಂಡತಿ ಮಂಚದ ಕೆಳಗಿನಿಂದ ತಟ್ಟೆ ಎಳೆದು, ಸೆರಗಿನಿಂದ ಒರೆಸಿ, ತಾನೇ ಎತ್ತಿಕೊಂಡು ಹೊರಟಿದ್ದಳು. "ಏನು ನೋಡ್ತೀರಾ? ನಡೀರಿ. ಭಾನುವಾರ ಹೇಗೂ ಹಾಳಾಯ್ತು."

ಖಾಲಿ ಹಾಲ್‌ನಲ್ಲಿ ಕುರ್ಚಿಗಳು ಸಾಲಾಗಿ ಕೂತಿದ್ದವು. ಪೈಲ್ವಾನ ಹಳೆಯ ಬೂಟು ಕಟ್ಟಿಕೊಂಡು ರಿಂಗಿನ ಮೂಲೆಯಲ್ಲಿದ್ದ. ಗಂಟೆಯಣ್ಣನನ್ನು ಕಂಡು ತಲೆಯಾಡಿಸಿದ, ಅಷ್ಟೇ. ಎಣಿಸಲು ರೆಫರಿ ಇನ್ನೂ ಬಂದಿರಲಿಲ್ಲ. ಸಾಹುಕಾರ ಗೊಣಗುತ್ತ ಪ್ಯಾಂಟು ಮೇಲೆಳೆದುಕೊಂಡು ತಾನೇ ಹಗ್ಗದೊಳಗೆ ನುಸುಳಿದ. "ಟಿಕೆಟ್ಟಿಲ್ಲದ ಕುಸ್ತಿ ನನ್ನ ಜನ್ಮದಲ್ಲೇ ಮಾಡ್ಸಿಲ್ಲ" ಎಂದ. ಆದರೆ ಅವನ ದನಿ ಎಂದಿನಂತಿರಲಿಲ್ಲ.

ಪೈಲ್ವಾನ ಅಂದು ಬಿದ್ದಿದ್ದ ಜಾಗದಲ್ಲೇ ಅಂಗಾತ ಮಲಗಿದ. ಚಿಗರೆ ಕಂಬ ಹತ್ತಿದ. ಪೈಲ್ವಾನ ಕೈಗಳನ್ನು ಎತ್ತಿ ಬೆರಳು ಅಗಲಿಸಿದ. ಗಂಟೆಯಣ್ಣ ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಗಡಿಯಾರದ ಕಡೆ ನೋಡದೆ, ಅವನನ್ನೇ ನೋಡಿದ.

ಚಿಗರೆ ಹಾರಿದ. ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ಸುತ್ತಿದ. ಹಲಗೆ ಛಟೀರೆಂದಿತು, ಇಡೀ ಹಾಲ್ ಗುಡುಗಿತು. "ಅಯ್ಯೋ, ತಲೆ" ಎಂದು ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟಳು. ಸಾಹುಕಾರ ಅಂಗೈಯಿಂದ ಹಲಗೆ ತಟ್ಟುತ್ತ ಎಣಿಸತೊಡಗಿದ. ಒಂದು. ಎರಡು. ಗಂಟೆಯಣ್ಣನ ಕೈ ಎದ್ದಿತ್ತು. ಇದನ್ನು ಹೊಡೆದರೆ ಮುಗಿಯಿತು, ಇನ್ನೆಂದೂ ಈ ಮನುಷ್ಯ ಬೀಳುವುದನ್ನು ತಾನು ನೋಡುವುದಿಲ್ಲ. ಹೊಡೆಯದೆ ಹೀಗೇ ಇದ್ದುಬಿಡುವಂತಿದ್ದರೆ ಎಂದು ಜೀವ ಹಂಬಲಿಸಿತು. ಮೂರು ಎಂದ ಸಾಹುಕಾರ. ಗಂಟೆಯಣ್ಣ ಹೊಡೆದ.

ಕಂಚಿನ ಸದ್ದು ಖಾಲಿ ಕುರ್ಚಿಗಳ ಮೇಲೆ ಬಹಳ ಹೊತ್ತು ಸುಳಿಯಿತು. ಚಿಗರೆ ಎದ್ದು, ಎರಡೂ ಕೈ ಎತ್ತಿ, ಕುರ್ಚಿಗಳಿಗೆಲ್ಲ ತೋರಿಸಿ, ಕಟ್ಟಳೆಯ ಪ್ರಕಾರ ಬಾಗಿಲ ಕಡೆ ನಡೆದ. ಅವನ ಕೆನ್ನೆ ಒದ್ದೆಯಾಗಿತ್ತು.

ಹೆಂಡತಿ ಗಂಡನ ತೋಳು ಹಿಡಿದಳು. ಅವಳ ದನಿ ಪಿಸುಮಾತಿಗೆ ಇಳಿದಿತ್ತು. "ರೀ, ಆ ಹುಡುಗನ ತಲೆ ಕೆಳಗೆ ಅವರ ಕೈ ಇತ್ತು. ನೋಡಿದ್ರಾ?"

"ನೋಡಿದೆ" ಎಂದ ಗಂಟೆಯಣ್ಣ.

ಚಿಗರೆ ಬಾಗಿಲು ದಾಟಿದ. ಪೈಲ್ವಾನ ಇನ್ನೂ ಕಣ್ಣು ಮುಚ್ಚಿ ಮಲಗೇ ಇದ್ದ. ಗಂಟೆಯಣ್ಣ ಮೇಜು ಬಿಟ್ಟೆದ್ದು, ಮೊಟ್ಟಮೊದಲ ಸಲ ಹಗ್ಗದೊಳಗೆ ತೂರಿ, ಅವನ ಪಕ್ಕ ಮಂಡಿಯೂರಿ ಕೂತ. ಇಷ್ಟು ವರ್ಷ ಬಾಯಿಗೆ ಬಂದು ವಾಪಸು ಹೋದ ಮಾತು ಅದು. ಈಗ ಕೇಳಲು ಹೊರಗಿನವರು ಯಾರೂ ಇರಲಿಲ್ಲ.

"ಚೆನ್ನಾಗಿ ಬಿದ್ರಿ, ಪೈಲ್ವಾನರೇ."

ಪೈಲ್ವಾನ ಕಣ್ಣು ತೆರೆಯಲಿಲ್ಲ. ಆಮೇಲೆ ಗೆಣ್ಣು ಕೆಂಪಾಗಿದ್ದ ಎಡಗೈಯನ್ನು ಮೇಲಕ್ಕೆ ಚಾಚಿ, "ಮಂಡಿ ಏಳಕ್ಕೆ ಬಿಡ್ತಿಲ್ಲ. ಸ್ವಲ್ಪ ಹಿಡ್ಕೊಳ್ಳಿ" ಎಂದ.

ಗಂಟೆಯಣ್ಣ ಹಿಡಿದುಕೊಂಡ.